ಮೌನಪ್ಪಜ್ಜನ ಎಲೆ-ಅಡಿಕೆ ಪರೀಕ್ಷೆ

ಮಕ್ಕಳಿಗೆ ಬಂದೂಕು ಆರಿಸಲು ಬಂದವರಿಗೆ ಬಡಿಗೇರ ಮೌನಪ್ಪಜ್ಜ ಹೇಳುತ್ತಿದ್ದ ಮೊದಲ ಮಾತು ಒಂದೇ: "ಹುಡುಗನ ಅಂಗಿ ಬಿಚ್ಚಿಸ್ರಿ." ಆಮೇಲೆ ಸಂತೆಯಲ್ಲಿ ಕರು ಕೊಳ್ಳುವವನಂತೆ ಹುಡುಗನ ಹೆಗಲು, ಮೊಣಕೈ, ಬೆರಳುಗಳನ್ನು ಒತ್ತಿ ಒತ್ತಿ ನೋಡುತ್ತಿದ್ದ. ನಮಗೋ ಕಚಗುಳಿ. ನಕ್ಕರೆ ಬೈಸಿಕೊಳ್ಳಬೇಕು.

ಕುಷ್ಟಗಿಯಲ್ಲಿ ಅವನದು ಕುಂಟೆ, ಕೂರಿಗೆ ಮಾಡುವ ಸಣ್ಣ ಅಂಗಡಿ. ಆಗ ನಿಜಾಮರ ಕಾಲ. ಲೈಸೆನ್ಸ್ ಇದ್ದ ಗೌಡರು, ದೇಸಾಯರು ಬಂದೂಕಿನ ಮರದ ಹಿಡಿ ಒಡೆದರೆ ಅವನಲ್ಲಿಗೆ ಬರುತ್ತಿದ್ದರು. ಸುಗ್ಗಿ ಮುಗಿದ ಮೇಲೆ ಮೊಲ, ಗೌಜಲ ಹಕ್ಕಿ ಹೊಡೆಯಲು ಮಕ್ಕಳನ್ನು ಕರೆದೊಯ್ಯುವವರು ಯಾವ ಬಂದೂಕು ಕೊಡಬೇಕೆಂದು ಕೇಳುತ್ತಿದ್ದುದೂ ಅವನನ್ನೇ. ತಾನು ಜನ್ಮದಲ್ಲಿ ಒಂದು ಗುಬ್ಬಿ ಹೊಡೆದವನಲ್ಲ. ಆದರೂ ಅವನು ಹೂಂ ಅಂದರೆ ಹೂಂ, ಉಹೂಂ ಅಂದರೆ ಉಹೂಂ.

ಅವನ ಪರೀಕ್ಷೆ ಹೀಗಿತ್ತು. ಹುಡುಗ ಖಾಲಿ ಬಂದೂಕನ್ನು ಹೆಗಲಿಗೆ ಏರಿಸಿ ನಿಲ್ಲಬೇಕು. ಅಜ್ಜ ಎದುರಿಗೆ ಕೂತು ಎಲೆ ಒರೆಸಿ, ಸುಣ್ಣ ಹಚ್ಚಿ, ಅಡಿಕೆ ಇಟ್ಟು, ಮಡಚಿ ಬಾಯಿಗೆ ಹಾಕಿಕೊಳ್ಳುವ ತನಕ ನಳಿಗೆ ಕೆಳಗೆ ಬಾಗಕೂಡದು. ಬಾಗಿದರೆ ಆ ಬಂದೂಕು ಆ ಹುಡುಗನಿಗಲ್ಲ. ಅವಸರವೆಂಬುದು ಆ ಮನುಷ್ಯನಿಗೆ ಗೊತ್ತೇ ಇರಲಿಲ್ಲ. ಎಲೆಯ ಒಂದೊಂದು ನಾರನ್ನೂ ಉಗುರಿನಿಂದ ಬಿಡಿಸುತ್ತಿದ್ದ.

ನನಗೆ ಹನ್ನೆರಡು ತುಂಬಿದ ವರ್ಷ ಅಪ್ಪ ರಾಯಚೂರಿನಿಂದ ಎರಡು ಬಂದೂಕು ತರಿಸಿದ. ಒಂದು ಒಂಟಿ ನಳಿಗೆಯದು, ಬಡಕಲು. ಇನ್ನೊಂದು ಜೋಡಿ ನಳಿಗೆಯದು, ಮೈತುಂಬ ಹೂಬಳ್ಳಿಯ ಕೆತ್ತನೆ. ನನ್ನ ಜೀವವೆಲ್ಲ ಅದರ ಮೇಲೆ. ಅಪ್ಪನಿಗೂ ಒಳಗೊಳಗೆ ಅದೇ ಇಷ್ಟ.

"ಈಗ ಭಾರ ಆದ್ರೂ ಮುಂದಿನ ವರ್ಷಕ್ಕ ಬೆಳೀತಾನ ಬಿಡೋ," ಎಂದ ಅಪ್ಪ, ಎರಡನ್ನೂ ಅಜ್ಜನ ಮುಂದಿಟ್ಟು.

"ಅಂಗಿ ಹಂಗ ಹೊಲಿಸ್ರಿ ಗೌಡ್ರ, ದೊಡ್ಡದಾದ್ರ ತೋಳ ಮಡಚಬಹುದು. ಬಂದೂಕಿಗೆ ಆ ಲೆಕ್ಕ ಹಚ್ಚಬ್ಯಾಡ್ರಿ," ಎಂದು ಅಜ್ಜ ಜೋಡಿ ನಳಿಗೆಯದನ್ನು ಕೈಗೆ ಕೊಟ್ಟು ನನ್ನನ್ನು ಕಿಟಕಿಯ ಪಕ್ಕ ನಿಲ್ಲಿಸಿದ. ಅಪ್ಪ ಯಾರನ್ನೋ ಮಾತಾಡಿಸಲು ಹೊರಗೆ ಹೋದ.

ಅಜ್ಜ ಎಲೆಯ ನಾರು ಬಿಡಿಸುವಷ್ಟರಲ್ಲೇ ನನ್ನ ತೋಳು ನಡುಗತೊಡಗಿತು. ಅವನು ಸುಣ್ಣದ ಡಬ್ಬಿಗೆ ತಲೆ ಬಗ್ಗಿಸಿದ್ದೇ ತಡ, ನಳಿಗೆಯನ್ನು ಕಿಟಕಿಯ ಅಡ್ಡ ಸರಳಿನ ಮೇಲೆ ಮೆಲ್ಲಗೆ ಊರಿದೆ. ಅವನು ತಲೆ ಎತ್ತುವ ಹೊತ್ತಿಗೆ ಮತ್ತೆ ಎತ್ತಿ ಹಿಡಿದಿದ್ದೆ. ಅಜ್ಜ ಎಲೆ ಮಡಚಿ ಬಾಯಿಗೆ ಹಾಕಿಕೊಂಡ.

"ತೋಳ ಜೋಮ ಹಿಡದೈತೇನೋ ತಮ್ಮಾ?"

"ಇಲ್ಲಜ್ಜಾ."

ಅವನ ಮುಖ ಅರಳಿತು. "ಸಣ್ಣ ಗೌಡನ ತೋಳ ಛಲೋ ಅದಾವ್ರಿ. ನಾ ಬ್ಯಾಡ ಅನ್ನಾಕ ಬಂದಿದ್ದೆ. ಜೋಡಿ ನಳೀದ ಕೊಡ್ರಿ," ಎಂದು ಅಪ್ಪನನ್ನು ಕೂಗಿ ಕರೆದು ಹೇಳಿದ.

ತಾವರಗೇರಾ ಕಡೆಯ ಕುರುಚಲಿನಲ್ಲಿ ಮೊದಲ ಬೇಟೆ. ಬೆಳಗಿನಿಂದ ಆ ಭಾರ ಹೊತ್ತು ನನ್ನ ತೋಳು ಸೋತುಹೋಗಿತ್ತು. ನನಗಿಂತ ಮೂರು ವರ್ಷಕ್ಕೆ ಸಣ್ಣವನಾದ ತಮ್ಮ ಸಿದ್ದು ತುಸು ಮುಂದೆ ಪಕ್ಕದಲ್ಲಿ ಕೋಲಿನಿಂದ ಕಂಟಿ ಬಡಿಯುತ್ತಿದ್ದ. ಹಕ್ಕಿ ಬುರ್ರನೆ ಎದ್ದಿತು. ಗುರಿ ಹಿಡಿದೆ, ನಳಿಗೆ ಜಗ್ಗಿ ಕೆಳಗಿಳಿಯಿತು, ಬಂದೂಕು ಹಾರಿಬಿಟ್ಟಿತು. ಸಿದ್ದುವಿನ ಹಿಮ್ಮಡಿಗೆ ಛರ್ರೆಯ ಎರಡು ಸಣ್ಣ ಗುಂಡು ಹೊಕ್ಕವು. ಜೀವಕ್ಕೇನೂ ಆಗಲಿಲ್ಲ; ಆದರೆ ಅವನು ಮುಂದೆಂದೂ ನೆಟ್ಟಗೆ ಓಡಲಿಲ್ಲ.

ಮರುದಿನ ಅಪ್ಪ ನನ್ನನ್ನೂ ಎಳೆದುಕೊಂಡು ಕುಷ್ಟಗಿಗೆ ಹೋದ. ಅಂಗಡಿಯ ಮುಂದೆ ನಾಲ್ಕು ಮಂದಿ ಕೂತಿದ್ದರು.

"ಮಕ್ಕಳ ಕೈ ನೋಡಾಕ ಬರಂಗಿಲ್ಲಂದ್ರ ಯಾಕ ನೋಡ್ತೀ? ನನ್ನ ಮಗನ ಕಾಲ ಕಳದೆಲ್ಲೋ!"

ಅಜ್ಜ ಉಳಿ ಕೆಳಗಿಟ್ಟು ಎದ್ದು ನಿಂತ. "ಖರೇ ಐತ್ರಿ ಗೌಡ್ರ. ತಪ್ಪು ನಂದ," ಎಂದ. ನನ್ನ ಕಡೆ ನೋಡಲೂ ಇಲ್ಲ. ನಾನು ಅಪ್ಪನ ಬಾರುಕೋಲಿಗೆ ಹೆದರಿ ಬಾಯಿ ಬಿಡಲಿಲ್ಲ. ಹೇಡಿಯಾದೆ, ಬೇರೆ ಮಾತು ಹುಡುಕುವುದು ಬೇಡ.

ಆಮೇಲೆ ಯಾರೇ ಮಕ್ಕಳನ್ನು ಕರೆತಂದರೂ ಅಜ್ಜ, "ನನಗ ಕೈ ನೋಡಾಕ ಬರಂಗಿಲ್ರಿ," ಎಂದು ಕೂರಿಗೆಯ ಕೆಲಸಕ್ಕೆ ಕೂತುಬಿಡುತ್ತಿದ್ದನಂತೆ. ಕೇಳಿದಾಗಲೆಲ್ಲ ಹೋಗಿ ನಿಜ ಹೇಳಬೇಕು ಎಂದುಕೊಳ್ಳುತ್ತಿದ್ದೆ. ಆದರೂ ಹೋಗಲಿಲ್ಲ.

ಹತ್ತು ವರ್ಷದ ಮೇಲೆ, ಯಲಬುರ್ಗಾದಲ್ಲಿ ಮಾಸ್ತರಿಕೆ ಸಿಕ್ಕ ಮೇಲೆ, ಹೇಳಿಯೇ ತೀರಬೇಕೆಂದು ಹೋದೆ. ಅಪ್ಪ ಆಗಲೇ ತೀರಿಕೊಂಡಿದ್ದ. ಇನ್ನು ಹೆದರುವುದು ಯಾರಿಗೆ? ಅಜ್ಜ ಮುದುಡಿ ಹೋಗಿದ್ದ. ಗೌಡರ ಮಗ, ಈಗ ಮಾಸ್ತರ ಎಂದು ಹೇಳಿದೊಡನೆ ನನ್ನ ಗುರುತು ಹಿಡಿದು, ಕೈಹಿಡಿದು ಪಕ್ಕದಲ್ಲಿ ಕೂಡಿಸಿಕೊಂಡ. ಸಿದ್ದುವಿನ ಕಾಲು ವಿಚಾರಿಸಿದ. ಆಮೇಲೆ ತಾನೇ ಆ ಮಾತು ಎತ್ತಿದ.

"ಅವತ್ತ ನಿಮ್ಮ ನಳಿ ಒಂದೀಟೂ ಬಾಗಲಿಲ್ರಿ. ಈ ಕಣ್ಣಲೇ ನೋಡೀನಿ. ಎಷ್ಟ ಸಲ ಯೋಚನಿ ಮಾಡಿದ್ರೂ ಬಗಿಹರಿವಲ್ದು. ನೀವು ಓದಿದವರು ಅದೀರಿ ಮಾಸ್ತರ್ರ. ನನ್ನ ಕೈ ಎಲ್ಲಿ ತಪ್ಪಿತು, ನೀವರ ಹೇಳ್ರಿ."

ಅದನ್ನು ಹೇಳಲೆಂದೇ ಬಂದಿದ್ದೆ. ಆ ಮುಖ ನೋಡಿದೆ.

"ಯಾರಿಗೆ ಗೊತ್ತಜ್ಜಾ," ಎಂದೆ.

"ಹೌದು ಬಿಡ್ರಿ," ಎಂದು ಅವನು ತನ್ನ ಎರಡೂ ಅಂಗೈಗಳನ್ನು ತಿರುಗಿಸಿ ನೋಡಿಕೊಂಡ.

ಮತ್ತೆ ಹೋಗಿ ಹೇಳಿದರಾಯಿತು ಎಂದುಕೊಂಡೆ. ಹೋದಾಗ ಅವನು ಮಣ್ಣಾಗಿ ತಿಂಗಳಾಗಿತ್ತು. ಆ ಕೈ ತಪ್ಪಿರಲಿಲ್ಲ. ಅದು ಗೊತ್ತಿದ್ದವನು ನಾನೊಬ್ಬನೇ. ಕೇಳಿದಾಗಲೂ ಅವನಿಗೆ ಹೇಳಲಿಲ್ಲ.