ಸ್ವಿಚ್‌ಬೋರ್ಡಿನ ಮುಂದೆ ಕೂತ ಅಕ್ಕ

ಮೊನ್ನೆ ಮೊಮ್ಮಗಳು ಬಿಸಿಲಿಗೆ ಕೆಂಪಾದ ಕೆನ್ನೆಗೆ ಕ್ಯಾಲಮೈನ್ ಹಚ್ಚಿಕೊಂಡು ಬಂದು ನನ್ನ ಪಕ್ಕ ಕೂತಳು. ಒದ್ದೆ ಸುಣ್ಣದಂಥ ಆ ತಣ್ಣನೆಯ ವಾಸನೆ ಮೂಗಿಗೆ ಬಡಿದದ್ದೇ, ಮುಂಬಯಿಯ ಮಾಟುಂಗದ ಹಳೆಯ ಬಿಲ್ಡಿಂಗಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಅಕ್ಕ ನೆನಪಾದಳು...

ಐವತ್ತರ ದಶಕದ ಮಾತು. ನಾವು ಧಾರವಾಡದಿಂದ ಬಂದವರು, ಅವರು ಉಡುಪಿ ಕಡೆಯವರು. ಅಕ್ಕ ಫೋರ್ಟಿನ ಕಂಪನಿಯೊಂದರಲ್ಲಿ ಟೆಲಿಫೋನ್ ಆಪರೇಟರ್. ಯಾವ ಸಾಹೇಬರಿಗೆ ಯಾವ ನಂಬರ್, ಎಲ್ಲ ಅವಳ ಬಾಯಲ್ಲೇ ಇರುತ್ತಿತ್ತು. ಸಂಜೆ ಬಂದು ಆ ಸಾಹೇಬರ ದನಿಗಳನ್ನು ಅಣಕಿಸಿ ನಮ್ಮನ್ನು ನಗಿಸುತ್ತಿದ್ದಳು. ಮ್ಯಾಟ್ರಿಕ್ ಮುಗಿಸಿ ಮನೆಯಲ್ಲಿ ಕೂತಿದ್ದ ನನಗೆ ಅವಳ ಹಾಗಾಗಬೇಕೆಂಬ ಆಸೆ.

ಇಪ್ಪತ್ತು ದಾಟಿದ್ದಳಷ್ಟೆ, ಜ್ವರ ಬಂದು ಹೋಗಿ ಮಾಡತೊಡಗಿತು. ಮೂಗಿನ ಎರಡೂ ಕಡೆ ಕೆಂಪು ಹರಡಿತು. ಬೆರಳು ಊದಿ ಜಡೆ ಹೆಣೆದುಕೊಳ್ಳಲಾಗದೆ ಬೆಳಗ್ಗೆ ನನ್ನ ಹತ್ತಿರ ಬರುತ್ತಿದ್ದಳು. ಬಾಚುವಾಗ ಕೂದಲು ಕೈಗೇ ಬರುತ್ತಿತ್ತು. ದೊಡ್ಡಾಸ್ಪತ್ರೆಯ ಡಾಕ್ಟರು ಲೂಪಸ್ ಎಂದು ಹೆಸರು ಹೇಳಿ, ಬಿಸಿಲಿಗೆ ಹೋಗಬೇಡ ಎಂದರಂತೆ. ಮೈನೋವು ಎಲ್ಲರಿಗೂ ಅರ್ಥವಾಗುತ್ತಿತ್ತು. ಅವಳು ಮರೆಯತೊಡಗಿದ್ದು ಮಾತ್ರ ಯಾರಿಗೂ ಅರ್ಥವಾಗಲಿಲ್ಲ. ಮಾತಿನ ನಡುವೆ ಪದ ಸಿಗದೆ ನಿಂತುಬಿಡುತ್ತಿದ್ದಳು. ಒಂದು ಸಂಜೆ ಮಾಟುಂಗದಲ್ಲಿ ಇಳಿಯುವುದನ್ನು ಮರೆತು ಕುರ್ಲಾಕ್ಕೆ ಹೋಗಿ, ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಅಳುತ್ತ ಕೂತಿದ್ದಳು.

"ಮನಸ್ಸು ಎಲ್ಲಿ ಉಂಟು ನಿಂದು? ಯಾರ ಧ್ಯಾನ?" ಎಂದು ಅವಳ ಅಮ್ಮ ಬೈದರು.

ಉದ್ದದ ರಜೆ ಹಾಕಬೇಕಾಗಿ ಬಂದಾಗ, ತನ್ನ ಜಾಗಕ್ಕೆ ನನ್ನನ್ನು ಸೇರಿಸಿದವಳೂ ಅವಳೇ.

"ನಾನು ಬರುವವರೆಗೆ ನೀನು ನೋಡಿಕೊ ಮಾರಾಯ್ತಿ. ಬೇರೆಯವರು ಕೂತರೆ ನನಗೆ ಮತ್ತೆ ಸಿಗಲಿಕ್ಕಿಲ್ಲ."

"ನೀ ಬರೋತನಕ ಅಷ್ಟ, ಅಕ್ಕಾ," ಅಂದೆ. ನಿಜವಾಗಿಯೂ ಹಾಗೆಯೇ ಅಂದುಕೊಂಡಿದ್ದೆ.

ಕೆಲವು ತಿಂಗಳ ನಂತರ ಸ್ವಲ್ಪ ಚೇತರಿಸಿಕೊಂಡು ಆಫೀಸಿಗೆ ಬಂದಳು. ಕೆನ್ನೆಗೆ ಕ್ಯಾಲಮೈನ್, ಅದರ ಮೇಲೆ ಪೌಡರ್, ಮೈಮೇಲೆ ಹೊಸ ಸೀರೆ. ನಾನು ಎದ್ದು ಕುರ್ಚಿ ಬಿಟ್ಟುಕೊಟ್ಟು ಹಿಂದೆ ನಿಂತೆ. ಫೋನ್ ಬಂದ ಗುರುತಿಗೆ ಬೋರ್ಡಿನಲ್ಲಿ ದೀಪ ಹೊತ್ತಿತು. ಹಳೆಯ ದನಿಯಲ್ಲೇ ಚೆನ್ನಾಗಿ ಮಾತಾಡಿದಳು. ಆಮೇಲೆ ವೈರನ್ನು ಕೈಯಲ್ಲಿ ಹಿಡಿದುಕೊಂಡು, ಅದನ್ನು ಯಾವ ತೂತಿಗೆ ಸಿಕ್ಕಿಸಬೇಕೆಂದು ತಿಳಿಯದೆ ನೋಡುತ್ತ ಕೂತಳು. ಇನ್ನೊಂದು ದೀಪ ಹೊತ್ತಿತು. ನನಗೆ ತಡೆಯಲಾಗಲಿಲ್ಲ. ಅವಳ ಭುಜದ ಮೇಲಿಂದ ಕೈ ಚಾಚಿ, ವೈರನ್ನು ತೆಗೆದುಕೊಂಡು ಸಿಕ್ಕಿಸಿಬಿಟ್ಟೆ.

ತಿರುಗಿದರೆ ಬಾಗಿಲಲ್ಲಿ ಮ್ಯಾನೇಜರು. ಅವರು ಗದರಲಿಲ್ಲ. ಇನ್ನಷ್ಟು ದಿನ ವಿಶ್ರಾಂತಿ ತೆಗೆದುಕೊಳ್ಳಿ ಎಂದು ಅವಳಿಗೆ ಮೆಲ್ಲಗೆ ಹೇಳಿದರು. ಅದರ ಅರ್ಥ ನಮ್ಮಿಬ್ಬರಿಗೂ ಆಯಿತು.

ಸಂಜೆಯ ಲೋಕಲ್ ರೈಲು ದಾದರ್ ದಾಟುವಾಗ ಅವಳು ನನ್ನ ಕಡೆ ತಿರುಗಿದಳು.

"ನೀನು ಕೈ ಹಾಕದಿದ್ದರೆ ನೆನಪಾಗುತ್ತಿತ್ತು ನನಗೆ," ಅಂದಳು. "ಬರ್ತಾ ಇತ್ತು..."

ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು. ಮರುದಿನ ಬೆಳಗ್ಗೆ ಜಡೆ ಹಾಕಿಸಿಕೊಳ್ಳಲು ಎಂದಿನಂತೆ ಬಂದು ನನ್ನ ಮುಂದೆ ಕೂತಳು. ಜಡೆ ಹೆಣೆದು ಮುಗಿಸಿ ನಾನು ಆಫೀಸಿಗೆ ಹೊರಟೆ. ಅವಳು ಮನೆಯೊಳಗೆ ಹೋದಳು.

ಮರುವರ್ಷ ಮುಖ, ಕಾಲು ಊದಿ, ಆಸ್ಪತ್ರೆಯಲ್ಲೇ ತೀರಿಕೊಂಡಳು. ನಾನು ಅದೇ ಕುರ್ಚಿಯಲ್ಲಿ ಉಳಿದೆ. ತಮ್ಮಂದಿರ ಓದು, ನನ್ನ ಮದುವೆ, ಎಲ್ಲ ಆ ಕೆಲಸದಿಂದಲೇ ನಡೆಯಿತು.

ಮೊನ್ನೆ ಮೊಮ್ಮಗಳ ಕೆನ್ನೆ ನೋಡಲು ಬಂದ ಡಾಕ್ಟರನ್ನು, ಇದು ಲೂಪಸ್ ಅಲ್ಲ ತಾನೆ ಎಂದು ಕೇಳಿಯೇಬಿಟ್ಟೆ, ಅಕ್ಕನ ಮರೆವಿನ ಕಥೆಯನ್ನೂ ಹೇಳಿದೆ. ಮೊಮ್ಮಗಳಿಗೆ ಆಗಿರುವುದು ಬರೀ ಬಿಸಿಲಿನ ಗುಳ್ಳೆ ಅಂದರು. ಆಮೇಲೆ, ಲೂಪಸ್ ಕೆಲವರ ನೆನಪಿಗೂ ಯೋಚನೆಗೂ ತಾಗುತ್ತದೆ, ಅದು ಅಲಕ್ಷ್ಯವಲ್ಲ ಎಂದೂ ವಿವರಿಸಿದರು. ಇದನ್ನು ಅಕ್ಕನ ಅಮ್ಮನಿಗೆ ಹೇಳಬೇಕೆನಿಸಿತು. ಅವರು ಹೋಗಿಯೂ ಬಹಳ ಕಾಲವಾಯಿತು... ಇನ್ನೊಂದು ಗಳಿಗೆ ಕಾದಿದ್ದರೆ ಅವಳ ಕೈ ಸರಿಯಾದ ಜಾಗಕ್ಕೆ ಹೋಗುತ್ತಿತ್ತೇ? ಡಾಕ್ಟರಿಗೆ ಅದು ಹೇಗೆ ಗೊತ್ತಾಗಬೇಕು. ನಾನು ಕೇಳಲಿಲ್ಲ.