ಬೇಲಿಯಾಚೆ ಕೂತ ತೋಳ

ಅವಳ ಮೇಲಿನ ಸಾಲಿನಲ್ಲಿ ಎಡಗಡೆ ಒಂದು ಹಲ್ಲಿನ ಮೇಲೆ ಇನ್ನೊಂದು ಹಲ್ಲು ಹತ್ತಿ ಕೂತಿತ್ತು. ನಗು ಬಂದರೆ ವೇಲಿನ ತುದಿ ಬಾಯಿಗೆ ಹೋಗುತ್ತಿತ್ತು. ಆದರೆ ನಗು ವೇಲಿಗಿಂತ ಚುರುಕು, ಹಲ್ಲು ಮೊದಲೇ ಕಂಡುಬಿಡುತ್ತಿತ್ತು. ಅರಕಲಗೂಡಿನಲ್ಲಿ ಪಿಯುಸಿಗೆ ಸೇರಿದ ಮೊದಲ ವಾರವೇ ಹಿಂದಿನ ಬೆಂಚಿನ ಹುಡುಗರು ಅವಳಿಗೆ ‘ತೋಳ’ ಎಂದು ಹೆಸರಿಟ್ಟರು. ಬೇರೆಯವಳಾಗಿದ್ದರೆ ಅಳುತ್ತಾ ಮೇಷ್ಟ್ರ ಹತ್ತಿರ ಹೋಗುತ್ತಿದ್ದಳು. ಇವಳು ಇನ್ನೂರು ಪುಟದ ನೋಟ್‌ಬುಕ್ ತಂದು ತೋಳದ ಕಥೆ ಬರೆಯಲು ಕೂತಳು.

ಅವಳೂ ನಾನೂ ರಾಮನಾಥಪುರದ ಪಕ್ಕದ ಒಂದೇ ಊರಿನವರು. ಊರು ಒಂದೇ, ಕೇರಿ ಬೇರೆ. ನಮ್ಮದು ಜಮೀನಿದ್ದವರ ಬೀದಿ. ಅವರದು ಕೆರೆ ಏರಿಯಾಚೆಯ ಕೇರಿ, ಅಲ್ಲಿನವರು ನಮ್ಮ ಹೊಲಗಳಿಗೆ ಕೂಲಿಗೆ ಬರುತ್ತಿದ್ದರು. ಹದಿನಾರು ವರ್ಷ ಒಂದೇ ಊರಿನ ನೀರು ಕುಡಿದ ನಾವು ಮೊದಲ ಸಲ ಮಾತಾಡಿದ್ದು ಕಾಲೇಜಿಗೆ ಹೋಗುವ ಬಸ್ಸಿನಲ್ಲಿ. ಅವಳಿಗೆ ಹಿಂದಿನ ಚಕ್ರದ ಮೇಲಿನ ಸೀಟೇ ಬೇಕು. ಬಸ್ಸು ಕುಲುಕುವುದರಿಂದ ಅಲ್ಲಿ ಯಾರೂ ಕೂರುವುದಿಲ್ಲ, ಜಗಳವಿಲ್ಲ ಎನ್ನುತ್ತಿದ್ದಳು. ಹಿಂದಿನ ದಿನ ಬರೆದದ್ದನ್ನು ನನ್ನ ಕೈಗಿಟ್ಟು, “ಬ್ಯಾಗ ಓದ್ಲಾ, ಸ್ಟ್ಯಾಂಡ್ ಬರಗಂಟ ಟೇಮು. ಇಲ್ದಿದ್ರೆ ಗುರ್ ಅಂದ್ಬುಡ್ತೀನಿ” ಎಂದು ಹೆದರಿಸುತ್ತಿದ್ದಳು. ನಾನು ಬೇಕಂತಲೇ ನಿಧಾನ ಓದುತ್ತಿದ್ದೆ.

ಅವಳ ಕಥೆಯ ಹುಡುಗಿ ಹುಣ್ಣಿಮೆಯಂದು ತೋಳವಾಗಿ ಕಾವೇರಿ ದಂಡೆಯ ಉದ್ದಕ್ಕೂ ಓಡುತ್ತಾಳೆ. ಯಾರನ್ನೂ ಕಚ್ಚುವವಳಲ್ಲ. ಮನುಷ್ಯರ ವಾಸನೆ ಬರುತ್ತದೆಂದು ತೋಳಗಳು ಅವಳನ್ನು ಅಟ್ಟುತ್ತವೆ, ತೋಳದ ವಾಸನೆ ಬರುತ್ತದೆಂದು ಊರ ನಾಯಿಗಳು ಬೊಗಳುತ್ತವೆ. ಎತ್ತಲೂ ಸಲ್ಲದೆ ಅವಳು ಒಬ್ಬ ಹುಡುಗನ ಮನೆಯ ಬೇಲಿಯಾಚೆ ಕೂತು, ಆ ಮನೆಯವರು ಸಾಲಾಗಿ ಕೂತು ಮುದ್ದೆ ಉಣ್ಣುವುದನ್ನು ನೋಡುತ್ತಾಳೆ. ಅವಳು ಯಾರೆಂದು ಆ ಹುಡುಗನಿಗೊಬ್ಬನಿಗೇ ಗೊತ್ತು.

ಆ ಹುಡುಗ ನಾನೇ ಎಂದು ನನಗೆ ಎಷ್ಟು ಖಾತ್ರಿಯಿತ್ತೆಂದರೆ, ಕನ್ನಡಿಯ ಮುಂದೆ ನಿಂತು ಅವನ ಹಾಗೆ ಕ್ರಾಪು ತೆಗೆದುಕೊಳ್ಳುತ್ತಿದ್ದೆ. ಒಂದು ದಿನ ಕೇಳಿಯೇಬಿಟ್ಟೆ.

“ಇನ್ನೂ ಗೊತ್ತಿಲ್ಲ ಕಣೋ,” ಎಂದಳು, ಪೆನ್ಸಿಲ್ ಕಚ್ಚುತ್ತಾ. “ಬರೀತಾ ಬರೀತಾ ಗೊತ್ತಾಯ್ತದೆ.”

ನಮ್ಮ ಕಡೆ ಹೊಗೆಸೊಪ್ಪಿನ ಕಾಲದಲ್ಲಿ ಮುಯ್ಯಾಳು ಎಂಬ ಪದ್ಧತಿಯಿದೆ. ಮುರಿದ ಹಸಿ ಎಲೆಯನ್ನು ಅಂದೇ ಕಡ್ಡಿಗೆ ಕಟ್ಟಿ, ಬೇಯಿಸುವ ಗೂಡಿಗೆ, ಅಂದರೆ ಬ್ಯಾರನ್ನಿಗೆ ಏರಿಸಬೇಕು. ರಾಶಿಯಲ್ಲೇ ಉಳಿದರೆ ಕಾವು ಏರಿ ಕಪ್ಪಾಗುತ್ತದೆ. ಅದಕ್ಕೇ ಇವತ್ತು ನೀವು ನಮ್ಮ ಅಂಗಳಕ್ಕೆ ಬಂದು ಕಟ್ಟಿಕೊಟ್ಟರೆ ನಾಳೆ ನಾವು ನಿಮ್ಮಲ್ಲಿಗೆ ಬರಬೇಕು. ದುಡ್ಡಿನ ಮಾತಿಲ್ಲ. ಸಮಸಮ ಇರುವ ಮನೆಗಳ ನಡುವೆ ಮಾತ್ರ ನಡೆಯುವ ಸಂಗತಿ ಇದು. ಕೆರೆ ಏರಿಯಾಚೆಯವರು ಬಂದರೆ ಅದು ಕೂಲಿ.

ಆ ವರ್ಷ ಅವಳ ಮನೆಯವರೂ ಅರ್ಧ ಎಕರೆ ಗುತ್ತಿಗೆಗೆ ಹಿಡಿದು ಮೊದಲ ಸಲ ಹೊಗೆಸೊಪ್ಪು ಹಾಕಿದ್ದರು. ನನಗೆ ಘನವಾದ ಯೋಚನೆ ಬಂತು. ಅವಳನ್ನೂ ಅವಳ ತಾಯಿಯನ್ನೂ ಕೂಲಿಗೆ ಕರೆಯುವುದು ಬೇಡ, ಮುಯ್ಯಿಗೇ ಕರೆಯೋಣ ಎಂದು ಅವ್ವನಿಗೆ ಹೇಳಿದೆ. ಅವ್ವ ಕೂಡಲೇ ಒಪ್ಪಿದಳು. ಯಾಕೆ ಒಪ್ಪಿದಳೆಂದು ಯೋಚಿಸುವಷ್ಟು ಬುದ್ಧಿ ನನಗಿರಲಿಲ್ಲ. ಮೂರು ದಿನ ತಾಯಿ ಮಗಳು ನಮ್ಮ ಅಂಗಳದಲ್ಲಿ ಕೂತು, ಸೊಪ್ಪಿನ ಅಂಟಿಗೆ ಬೆರಳೆಲ್ಲ ಕಪ್ಪಾಗುವವರೆಗೆ ಕಟ್ಟಿದರು. ನಾನು ಎಲೆ ಜೋಡಿಸಿ ಕೊಡುತ್ತಿದ್ದೆ, ಅವಳು ದಾರ ಬಿಗಿಯುತ್ತಿದ್ದಳು. ಬೇಲಿ ಕಿತ್ತೇಬಿಟ್ಟೆ ಎಂದು ಒಳಗೊಳಗೇ ಬೀಗಿದೆ.

ಮುಂದಿನ ಶನಿವಾರ ಬಸ್ಸಿನಲ್ಲಿ ಅವಳು, “ನಾಳೀಕೆ ನಮ್ಮ ಸೊಪ್ಪು ಕಣೋ, ಬತ್ತೀರಾ ತಾನೆ?” ಎಂದಳು. “ಬರದೆ ಇರ್ತೀವಾ?” ಎಂದೆ.

ಬೆಳಿಗ್ಗೆ ಹೊರಡೋಣ ಎಂದರೆ ಅವ್ವ ಕೂತಲ್ಲಿಂದ ಏಳಲಿಲ್ಲ. “ನಾವ್ ಆ ಕೇರೀಗೋಗಿ ಅಂಗಳದಾಗೆ ಕುಂತ್ಕಳಾದಾ? ನಂಟ್ರು ಕೇಳುದ್ರೆ ಉಗೀತಾರೆ. ತಗೋ, ಮೂರ್ ದಿನದ ಕೂಲಿ, ಕೊಟ್ಬುಟ್ಟು ಬಾ” ಎಂದು ನೋಟು ಮಡಿಸಿ ಕೊಟ್ಟಳು. ಅಪ್ಪ ಪೇಪರಿನಿಂದ ತಲೆ ಎತ್ತಲಿಲ್ಲ.

ನಾನು ಹೋದೆ. ಅವಳ ಅಂಗಳದಲ್ಲಿ ಎದೆಯೆತ್ತರ ಹಸಿ ಸೊಪ್ಪು, ಕಟ್ಟಲು ನಾಲ್ಕೇ ಜನ. ಉಳಿದವರೆಲ್ಲ ಆ ದಿನ ನಮ್ಮ ಬೀದಿಯವರ ಹೊಲಕ್ಕೆ ಕೂಲಿಗೆ ಹೋಗಿದ್ದರು. ನನ್ನನ್ನು ಕಂಡು ಅವಳು ಎದ್ದು ಬಂದಳು. ನಾನು ನೋಟು ಚಾಚಿದೆ.

ಅವಳು ಅದನ್ನೂ ನೋಡಿದಳು, ನನ್ನನ್ನೂ ನೋಡಿದಳು. “ಮುಯ್ಯಿಗೆ ದುಡ್ ಕೊಡ್ತಾರೇನೋ?” ಎಂದಳು. ಅಷ್ಟೇ.

ನನಗೂ ಎರಡು ಕೈಯಿದ್ದವು. ಅಲ್ಲೇ ಕೂತಿದ್ದರೆ ಆಗುತ್ತಿತ್ತು. ಬೀದಿಯವರು ಯಾರಾದರೂ ನೋಡುತ್ತಿದ್ದಾರೇನೋ ಎಂದು ಕೆರೆ ಏರಿಯ ಕಡೆ ತಿರುಗಿ ನೋಡಿದೆ. ಅವಳ ತಾಯಿಯ ಪಕ್ಕ ನೋಟು ಇಟ್ಟು ಬಂದುಬಿಟ್ಟೆ. ಆ ಸೊಪ್ಪು ಅರ್ಧಕ್ಕರ್ಧ ರಾಶಿಯಲ್ಲೇ ಬೆಂದು ಕಪ್ಪಾಯಿತೆಂದು ಆಮೇಲೆ ತಿಳಿಯಿತು.

ವಾರ ಕಳೆದು ಬಸ್ಸಿನಲ್ಲಿ ಕಂಡಾಗ ಅವಳೇ ನೋಟ್‌ಬುಕ್ ಕೊಟ್ಟಳು. ಕೊನೆಯ ಪುಟದಲ್ಲಿ ಆ ಹುಡುಗ ತಟ್ಟೆಯಲ್ಲಿ ಅನ್ನ ತಂದು, ಬೇಲಿಯ ಹೊರಗಿಟ್ಟು, ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾನೆ. ತೋಳ ಅನ್ನ ಮುಟ್ಟದೆ ನದಿಯ ಕಡೆ ಹೋಗುತ್ತದೆ. ಮುಗಿಯಿತು ಎಂದು ಬರೆದು ಕೆಳಗೆ ಎರಡು ಗೆರೆ ಎಳೆದಿದ್ದಳು.

“ಆ ಹುಡ್ಗ ಯಾರು ಅಂತ ಕೇಳ್ತಿದ್ಯಲ್ಲ,” ಎಂದಳು. “ನೀನೇ ಕಣೋ.”

“ನಂಗೆ ನೀನಂದ್ರೆ...” ಎಂದೆ.

“ಗೊತ್ತು. ನಂಗೂ ಇತ್ತು. ಈಗಿಲ್ಲ.”

ಅವಳಿಗೆ ಕೋಪವೂ ಇರಲಿಲ್ಲ. ಇದ್ದಿದ್ದರೆ ನಾನು ಅದನ್ನೇ ಹಿಡಿದುಕೊಂಡು ಬದುಕುತ್ತಿದ್ದೆ. ಅವಳು ಹಾಸನದಲ್ಲಿ ನರ್ಸ್ ಆದಳು, ಅಲ್ಲೇ ಮದುವೆಯಾದಳು. ನನಗೆ ಹೊಳೆನರಸೀಪುರದಲ್ಲಿ ಕೆಲಸ ಸಿಕ್ಕಿತು. ನನಗೂ ಮದುವೆಯಾಯಿತು. ಅವಳನ್ನು ಪ್ರೀತಿಸುವುದು ಮಾತ್ರ ನಿಲ್ಲಲಿಲ್ಲ, ಅದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯೂ ಇಲ್ಲ.

ಹೋದ ವರ್ಷ ಪಿಯುಸಿ ಗೆಳೆಯರ ವಾಟ್ಸಾಪ್ ಗುಂಪಿನಲ್ಲಿ ಅವಳ ಫೋಟೋ ಬಂತು. ಎರಡು ವಾರದ ಜ್ವರದಲ್ಲಿ ಹೋಗಿಬಿಟ್ಟಳಂತೆ. ತೋಳ ಎಂದು ಕೂಗುತ್ತಿದ್ದವರೆಲ್ಲ ಕೈಮುಗಿಯುವ ಚಿತ್ರ ಹಾಕಿದ್ದರು. ಆ ಭಾನುವಾರ ಕೆರೆ ಏರಿ ದಾಟಿ ಅವಳ ತವರಿಗೆ ಹೋದೆ. ನಡುಮನೆಯಲ್ಲಿ ಬುದ್ಧನ ಪಟದ ಕೆಳಗೆ ಅವಳ ಫೋಟೋ. ತಾಯಿ ಕಾಫಿ ಕೊಟ್ಟರು. ಆ ಮನೆಯಲ್ಲಿ ಮೊದಲ ಸಲ ಕುಡಿದೆ.

“ನಿಮ್ಗೆ ಮೂರ್ ದಿನದ ಮುಯ್ಯಿ ಬಾಕಿ ಐತೆ ಕಣವ್ವ. ಸೊಪ್ ಕಟ್ಟಾಕೆ ಕರೀರಿ, ಬತ್ತೀನಿ” ಎಂದೆ.

“ಆ ವರ್ಸಾನೇ ಕೊನೆ ಕಣಪ್ಪ, ಮತ್ತೆ ನಾವ್ ಸೊಪ್ಪಾಕ್ಲಿಲ್ಲ,” ಎಂದರು. ಸೆರಗಿನಿಂದ ಫೋಟೋದ ಗಾಜು ಒರೆಸುತ್ತಾ, “ಅವತ್ತು ನಿಂಗೇಂತ ಅವ್ಳ ಪಕ್ದಾಗೆ ಒಂದ್ ಗೋಣಿಚೀಲ ಆಸಿದ್ಲು. ನೀನು ದುಡ್ ಮಡಗಿ ಓದ್ಮ್ಯಾಗೂ ಎತ್ಲಿಲ್ಲ. ಬತ್ತಾನೆ ಇರವ್ವ ಅಂತ ಸಂಜೆಗಂಟ ಯಾರ್ನೂ ಅದ್ರ ಮ್ಯಾಗೆ ಕೂರಕ್ ಬುಡ್ಲಿಲ್ಲ” ಎಂದರು.

ನಾನು ಲೋಟ ಇಟ್ಟು ಅಂಗಳಕ್ಕೆ ಇಳಿದು ಕೂತೆ. ಕಟ್ಟಲು ಸೊಪ್ಪಿರಲಿಲ್ಲ.