ಹುಮನಾಬಾದಿನಲ್ಲಿ ನಾನು ಕೊಟ್ಟ ಉತ್ತರ

ಹುಮನಾಬಾದಿನ ಆಸ್ಪತ್ರೆಯಲ್ಲಿ ನರ್ಸಾಗಿ ನನ್ನ ಮೊದಲ ದಿನವೇ ಒಬ್ಬ ಹೆಂಗಸು ಬಂದು, "ಸಿಸ್ಟರ್, ಹೊಟ್ಟಿ ತೊಳಸ್ಕೋಬೇಕಾಗ್ಯದ್ರಿ" ಎಂದಳು. ವಿಷ ಕುಡಿದಿದ್ದಾಳೆಂದುಕೊಂಡು ನಾನು ನಳಿಕೆ ತರಲು ಓಡಿದೆ. ಆಯಾ ರಜಿಯಾಬಿ ನನ್ನ ಕೈ ಹಿಡಿದು ನಿಲ್ಲಿಸಿದರು. "ವಿಷ ಅಲ್ರಿ. ಆಕಿಗಿ ಬಸರ ತೆಗಸೂದದ."

ಕೊಳ್ಳೇಗಾಲದ ಕಡೆಯ ಕ್ರೈಸ್ತ ಮನೆಯಲ್ಲಿ ಬೆಳೆದ ನಾನು, ಆ ಮಾತನ್ನು ಅಷ್ಟು ಸಾದಾ ದನಿಯಲ್ಲಿ ಕೇಳಿದ್ದು ಅದೇ ಮೊದಲು.

ತೊಂಬತ್ತರ ದಶಕದ ಕೊನೆ ಅದು. ಗುಲ್ಬರ್ಗಾದವರೆಗೆ ರೈಲು, ಅಲ್ಲಿಂದ ಬಸ್ಸು. ನಮ್ಮಲ್ಲಿ ರಾಗಿಮುದ್ದೆ, ಇಲ್ಲಿ ಜೋಳದ ರೊಟ್ಟಿ. ಔಷಧ ಕಾರ್ಖಾನೆಗಳ ಕಡೆಯಿಂದ ಗಾಳಿ ಬೀಸಿದರೆ ಘಾಟು. ನನಗೆ ಕೋಣೆ ಕೊಟ್ಟ ಗುರಮ್ಮ ಲಿಂಗಾಯತರ ಮನೆಯ ವಿಧವೆ. ಅವರಿಂದ ರೊಟ್ಟಿ ಬಡಿಯಲು ಕಲಿತೆ. ಆರು ತಿಂಗಳಾದ ಮೇಲೆ ನನ್ನ ಮೊದಲ ದುಂಡು ರೊಟ್ಟಿ ನೋಡಿ ಅವರು, "ಈಗ ನೀ ನಮ್ಮಾಕಿ" ಎಂದಾಗ ಕಣ್ಣು ತುಂಬಿತು.

ಆ ವರ್ಷವೇ ಮುಡಬಿಯ ನೀಲಮ್ಮ ಬಂದಳು. ಇಪ್ಪತ್ತೆರಡರ ಹುಡುಗಿ, ನಾಲ್ಕು ವರ್ಷ ಕಾದು ಆದ ಮೊದಲ ಬಸಿರು, ನಾಲ್ಕೂವರೆ ತಿಂಗಳು. ಚಿಕ್ಕಂದಿನ ಜ್ವರದಿಂದ ಅವಳ ಹೃದಯದ ಕವಾಟ ಕೆಟ್ಟಿತ್ತು. ಡಾಕ್ಟರಮ್ಮ ಮುಚ್ಚಿಡದೆ ಹೇಳಿದರು: "ಕೂಸಿನ ಎದಿ ಬಡಿಯಾಕತ್ತದ, ಖರೆ. ಆದ್ರ ನಿನ್ನ ಎದಿ ತಡಿಯಂಗಿಲ್ಲವ್ವಾ. ಈಗ ತೆಗಸಾಕ ಕಾನೂನಿನಾಗ ಅವಕಾಶ ಅದ. ಎರಡು ದಿನದಾಗ ಹೇಳು."

ಆ ಎರಡು ದಿನ ಆಸ್ಪತ್ರೆಯ ನರ್ಸುಗಳ ಕೋಣೆಯಲ್ಲಿ ಅದೇ ಮಾತು. "ನಾಲ್ಕ್ ತಿಂಗಳಾದ ಮ್ಯಾಲೆ ರೂಹ್ ಬರ್ತದಂತಾರ ನಮ್ಮಾಗ" ಎಂದರು ರಜಿಯಾಬಿ. ರೂಹ್ ಎಂದರೆ ಆತ್ಮ. "ಖರೆ, ಆದ್ರ ತಾಯಿ ಜೀವಾ ಮೊದಲು."

ಎರಡನೆಯ ಮಧ್ಯಾಹ್ನ ವಾರ್ಡಿನಲ್ಲಿ ಪಕ್ಕದಲ್ಲಿ ಯಾರೂ ಇಲ್ಲದಾಗ ನೀಲಮ್ಮ ನನ್ನ ಸೆರಗು ಹಿಡಿದಳು. ಬಸವಕಲ್ಯಾಣದಲ್ಲಿ ತೆಗೆಸಿದ ಸ್ಕ್ಯಾನಿಂಗ್ ಚಿತ್ರ ಅವಳ ಮಡಿಲಲ್ಲಿತ್ತು. "ಅಕ್ಕಾ, ಇದು ಮನಷ್ಯಾ ಆಗ್ಯದೇನ್ರಿ, ಇನ್ನಾ ಇಲ್ಲೇನ್ರಿ?"

ಬೆರಳುಗಳು ಮೂಡಿವೆ, ಆದರೆ ಶ್ವಾಸಕೋಶ ಇನ್ನೂ ಬಲಿತಿಲ್ಲ, ನಿನ್ನಿಂದ ಬೇರೆಯಾದರೆ ಅದು ಬದುಕದು ಎನ್ನಬಹುದಿತ್ತು. ನೀನು ಸತ್ತರೆ ಅದೂ ಸಾಯುತ್ತದೆ ಎನ್ನಬೇಕಿತ್ತು. ನಾನು ಹೇಳಿದ್ದು, "ಮೊದಲ ದಿನದಿಂದಲೇ ಮನುಷ್ಯ ಕಣಮ್ಮ."

ಅವಳು ಹೊಟ್ಟೆಯ ಮೇಲೆ ಕೈಯಿಟ್ಟು ನಕ್ಕಳು. ಮರುದಿನ, ತೆಗೆಸುವುದಿಲ್ಲವೆಂದು ಡಾಕ್ಟರಮ್ಮನಿಗೆ ಹೇಳಿ ಊರಿಗೆ ಹೋದಳು.

ಎಂಟನೆಯ ತಿಂಗಳಲ್ಲಿ ಅವಳನ್ನು ಆಟೋದಲ್ಲಿ ಹೊತ್ತು ತಂದರು. ತುಟಿ ನೀಲಿಗಟ್ಟಿತ್ತು. ಡಾಕ್ಟರಮ್ಮ ಕೈಗವಸು ಹಾಕಿಕೊಳ್ಳುವಷ್ಟರಲ್ಲಿ ಉಸಿರು ನಿಂತಿತು. ಮಗುವೂ ಉಳಿಯಲಿಲ್ಲ. ಗರ್ಭದಲ್ಲಿರುವ ಕೂಸಿಗೆಂದು ಎಂಟನೆಯ ತಿಂಗಳಲ್ಲಿ ತಾಯಿಗೆ ಅವಳ ಇಷ್ಟಲಿಂಗದ ಜೊತೆ ಇನ್ನೊಂದು ಲಿಂಗ ಕಟ್ಟುವ ಪದ್ಧತಿ ನೀಲಮ್ಮನ ಮನೆಯವರಂಥ ಲಿಂಗಾಯತರಲ್ಲಿದೆಯೆಂದು ಗುರಮ್ಮ ಹೇಳಿದರು. ಮುಡಬಿಯಲ್ಲಿ ಎರಡೂ ಲಿಂಗಗಳನ್ನು ಅವಳ ಜೊತೆಗೇ ಮಣ್ಣಿಗಿಟ್ಟರು.

ರಜಿಯಾಬಿಯ ಜೊತೆ ಆ ಮನೆಗೆ ಹೋದೆ. ಬೈಯಲಿ ಎಂದೇ ಹೋಗಿದ್ದೆ. ನೀಲಮ್ಮನ ತಾಯಿ ನನ್ನ ಕೈ ಹಿಡಿದುಕೊಂಡು, "ನೀವು ಹೇಳಿದ್ರಿ ಅಂತ ನನ್ ಮಗಳು ಮೂರ್ ತಿಂಗಳ ಅದರ ಸಂಗಟ ಮಾತಾಡ್ಕೋತ ಖುಷಿಲೆ ಇದ್ಲ್ರಿ" ಎಂದರು.

ರಜೆಗೆ ಊರಿಗೆ ಹೋದಾಗ ಅಮ್ಮನಿಗೆ ಎಲ್ಲವನ್ನೂ ಹೇಳಿದೆ. "ಸರಿಯಾಗೇ ಹೇಳಿದ್ದೀಯ ಬಿಡು. ಇನ್ನು ಅಲ್ಲಿ ಸಾಕು, ಬಂದ್ಬಿಡು" ಎಂದಳು. ಆ 'ಸರಿ'ಯನ್ನು ಕೇಳಿಕೊಂಡು ಅಲ್ಲಿರಲು ಆಗಲಿಲ್ಲ. ರಜೆ ಮುಗಿಯುವ ಮೊದಲೇ ಹೊರಟುಬಂದೆ. ನನ್ನ ನಂಬಿಕೆ ಇಂದಿಗೂ ಅದೇ. ಆದರೆ ಅವಳು ಕೇಳಿದ್ದರಲ್ಲಿ ಅವಳ ಜೀವದ ಪ್ರಶ್ನೆಯೂ ಇತ್ತೆಂದು ಆಗ ನನಗೆ ತೋಚಲಿಲ್ಲ.

ಇಲ್ಲಿಗೆ ಬಂದು ಈಗ ಹತ್ತು ವರ್ಷ. ಊರಿಗೆ ಹೋದರೆ ನನ್ನ ಮಾತು ಕೇಳಿ ಬೀದರದವಳೆನ್ನುತ್ತಾರೆ. ಇಲ್ಲಿಯ ಬಸ್ ನಿಲ್ದಾಣದಲ್ಲಿ ಮುಡಬಿಯ ಬಸ್ಸು ಬಂದು ನಿಂತರೆ, ನಾನು ಇನ್ನೂ ಬೇರೆ ಕಡೆಗೆ ತಿರುಗಿ ನಿಲ್ಲುತ್ತೇನೆ.